ಬಿಲ್ ಸೊನ್ನೆಯಾದರೂ ಲೆಕ್ಕ ಸೊನ್ನೆಯಲ್ಲ

ಕುಟುಂಬ ಪ್ರಾರ್ಥನೆಯ ವೇಳೆ ಓದಿಕೊಳ್ಳಬೇಕಾದ ವಾಕ್ಯಭಾಗಗಳು: ಯೊವಾನ್ನ 6:1-13, ವಿಮೋಚನಾಕಾಂಡ 16:13-21



ಕಳೆದ ಬೇಸಿಗೆಯಲ್ಲಿ ಔರಾದ ತಾಲೂಕಿನ ಒಂದು ಹಳ್ಳಿಗೆ ಕುಟುಂಬ ಭೇಟಿಗೆಂದು ಹೋಗಿದ್ದೆ. ಒಬ್ಬರೇ ವಾಸವಾಗಿರುವ ವಯೋವೃದ್ಧ ತಾಯಿಯೊಬ್ಬರ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಎದ್ದಾಗ, ಅವರು ಯೇಸುವಿನ ತಿರುಹೃದಯದ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ ಒಂದು ಚೀಟಿಯನ್ನು ತೆಗೆದು ನನ್ನ ಕೈಗಿತ್ತರು. ಅದು ಆ ತಿಂಗಳ ವಿದ್ಯುತ್ ಬಿಲ್.

"ಫಾದರ್, ಕರೆಂಟ್ ಫ್ರೀ ಅಂತ ಹೇಳ್ಯಾರ. ನಾ ಟೀವಿ ದಿನಾ ಬಂದ್ ಮಾಡೇ ಮಲಗ್ತೀನ್ರಿ. ಆದ್ರೂ ಈ ರೊಕ್ಕ ಯಾಕ ಬಂದದ?" ಎಂದು ಕೇಳಿದರು.

ಮೊತ್ತ ದೊಡ್ಡದೇನಲ್ಲ, ನಲವತ್ತು ರೂಪಾಯಿಯ ಒಳಗೆ. ಆದರೆ ಪಿಂಚಣಿಯ ಹಣದಲ್ಲಿ ತಿಂಗಳು ನೂಕುವವರಿಗೆ ನಲವತ್ತು ರೂಪಾಯಿಯೂ ಒಂದು ಲೆಕ್ಕವೇ. ಮನೆಯೊಳಗೆ ಕಣ್ಣಾಡಿಸಿದೆ. ಎರಡು ಬಲ್ಬು, ಒಂದು ಫ್ಯಾನು, ಹೈದರಾಬಾದಿನಲ್ಲಿ ದುಡಿಯುವ ಮಗ ತಂದುಕೊಟ್ಟ ಟಿ.ವಿ., ಅದರ ಕೆಳಗೆ ಸೆಟ್‌ಟಾಪ್ ಬಾಕ್ಸು. ಟಿ.ವಿ. ಬಂದ್ ಆಗಿತ್ತು, ನಿಜ. ಆದರೆ ಬಾಕ್ಸಿನ ಮೇಲೆ ಒಂದು ಕೆಂಪು ಚುಕ್ಕೆ ಹೊಳೆಯುತ್ತಿತ್ತು. ಅದರ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು. "ಆಯಿ, ಇದು ಬಂದ್ ಆಗಿಲ್ಲ, ಕಣ್ಣು ಮುಚ್ಚಿಕೊಂಡು ಕೂತದ ಅಷ್ಟೇ" ಎಂದೆ.

ಅಂದಿನಿಂದ ಈ ಕೆಂಪು ಚುಕ್ಕೆಯ ವಿಚಾರ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ಇದು ಬರೀ ವಿದ್ಯುತ್ತಿನ ಪ್ರಶ್ನೆಯೋ, ಅಥವಾ ನಮ್ಮ ವಿಶ್ವಾಸ ಜೀವನಕ್ಕೂ ಸಂಬಂಧಪಟ್ಟದ್ದೋ? ಈ ವಾರದ ಪಾಠದಲ್ಲಿ ಇದನ್ನೇ ಒಟ್ಟಾಗಿ ಚಿಂತಿಸೋಣ.

ಕಾದು ನಿಂತ ಯಂತ್ರ

ರಿಮೋಟಿನ ಗುಂಡಿ ಒತ್ತಿ ಟಿ.ವಿ. ಆರಿಸಿದಾಗ ಪರದೆ ಕತ್ತಲಾಗುತ್ತದೆ, ಯಂತ್ರ ಮಾತ್ರ ಪೂರ್ತಿ ಮಲಗುವುದಿಲ್ಲ. ಮತ್ತೆ ಯಾವಾಗ ರಿಮೋಟಿನ ಅಪ್ಪಣೆ ಬರುತ್ತದೋ ಎಂದು ಅದರ ಒಂದು ಭಾಗ ಎಚ್ಚರವಾಗಿಯೇ ಇರುತ್ತದೆ. ಆ ಎಚ್ಚರಕ್ಕೆ ವಿದ್ಯುತ್ ಬೇಕು. ಈ ಸ್ಥಿತಿಗೆ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಅಪ್ಪಣೆಗಾಗಿ ಕಾದು ನಿಂತಿರುವುದು ಎಂದು ಅರ್ಥ.

ಎಲ್ಲ ಯಂತ್ರಗಳೂ ಒಂದೇ ಪ್ರಮಾಣದಲ್ಲಿ ವಿದ್ಯುತ್ ಎಳೆಯುವುದಿಲ್ಲ. ಈಗಿನ ಎಲ್‌ಇಡಿ ಟಿ.ವಿ.ಗಳು ಈ ಸ್ಥಿತಿಯಲ್ಲಿ ಸಾಮಾನ್ಯವಾಗಿ ಒಂದು ವ್ಯಾಟ್‌ಗಿಂತ ಕಡಿಮೆ ಬಳಸುತ್ತವೆ. ಹಳೆಯ ದಪ್ಪ ಟಿ.ವಿ.ಗಳು ಐದು ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಎಳೆಯುತ್ತವೆ. ಎಲ್ಲಕ್ಕಿಂತ ಹೊಟ್ಟೆಬಾಕ ಯಾವುದೆಂದರೆ ಸೆಟ್‌ಟಾಪ್ ಬಾಕ್ಸು. ಬಹಳಷ್ಟು ಬಾಕ್ಸುಗಳು ಚಾಲೂ ಇರುವಾಗ ಎಷ್ಟು ಎಳೆಯುತ್ತವೆಯೋ, ರಿಮೋಟಿನಿಂದ ಬಂದ್ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತವೆ. ಅದು ಸಾಮಾನ್ಯವಾಗಿ 8ರಿಂದ 15 ವ್ಯಾಟ್.

ಹತ್ತು ವ್ಯಾಟ್ ಎಂದರೆ ಏನು ಮಹಾ ಎನ್ನಬಹುದು. ಆದರೆ ಇಲ್ಲಿ ಗಮನಿಸಬೇಕಾದದ್ದು ಗಂಟೆಗಳನ್ನು. ಮಿಕ್ಸಿ ನೂರಾರು ವ್ಯಾಟ್ ಎಳೆದರೂ ಐದು ನಿಮಿಷದಲ್ಲಿ ಸುಮ್ಮನಾಗುತ್ತದೆ. ಈ ಬಾಕ್ಸು ಹಗಲು ರಾತ್ರಿ, ಭಾನುವಾರ ಹಬ್ಬ ಎನ್ನದೆ ಎಳೆಯುತ್ತಲೇ ಇರುತ್ತದೆ. ಹತ್ತು ವ್ಯಾಟ್, ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ. ಗುಣಿಸಿದರೆ 7.2 ಯೂನಿಟ್!

ಈಗ ಆ ತಾಯಿಯ ಬಿಲ್ಲಿಗೆ ಬರೋಣ. ನಮ್ಮ ರಾಜ್ಯದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿತು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬ ಮಾತನ್ನಷ್ಟೇ ಅನೇಕರು ಕೇಳಿದ್ದಾರೆ. ಆದರೆ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡ ಹತ್ತನ್ನು ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಗೊತ್ತುಮಾಡಲಾಗಿದೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡ ಹತ್ತರ ಬದಲು ಹತ್ತು ಯೂನಿಟ್ ಸೇರಿಸಬೇಕೆಂದು 2024ರ ಜನವರಿಯಲ್ಲಿ ಸರ್ಕಾರ ತೀರ್ಮಾನಿಸಿತು. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಆ ತಾಯಿಯ ಸರಾಸರಿ 36 ಯೂನಿಟ್, ಮಿತಿ 46. ಆ ತಿಂಗಳು ಬಳಸಿದ್ದು 52. ಹೆಚ್ಚಾದದ್ದು ಆರು ಯೂನಿಟ್. ಅವರು ದಿನಕ್ಕೆ ಒಂದು ಗಂಟೆ ಟಿ.ವಿ. ನೋಡುತ್ತಾರೆ. ಉಳಿದ 23 ಗಂಟೆ ಯಾರೂ ನೋಡದ ಬಾಕ್ಸು ಒಂದೇ ತಿಂಗಳಿಗೆ ಸುಮಾರು ಏಳು ಯೂನಿಟ್ ನುಂಗುತ್ತಿತ್ತು. ಬಡವರ ಅನುಕೂಲಕ್ಕೆಂದು ಸೇರಿಸಿಕೊಟ್ಟ ಹತ್ತು ಯೂನಿಟ್‌ನಲ್ಲಿ ಏಳನ್ನು ಆ ಕೆಂಪು ಚುಕ್ಕೆಯೇ ಕಬಳಿಸಿತ್ತು. ಗೋಡೆಯ ಬಟನ್ ಬಂದ್ ಮಾಡುವುದನ್ನು ಅಂದು ತೋರಿಸಿಕೊಟ್ಟು ಬಂದೆ.

ಭಾಲ್ಕಿಯ ಯುವಕನ ಪ್ರಶ್ನೆ

ಇದನ್ನು ಮುಂದೊಂದು ದಿನ ಭಾಲ್ಕಿಯಲ್ಲಿ ಕೆಲವು ಕುಟುಂಬಗಳ ಕೂಟದಲ್ಲಿ ಹೇಳಿದೆ. ಒಬ್ಬ ಯುವಕ ಎದ್ದು ನಿಂತು ನೇರವಾಗಿ ಕೇಳಿದ: "ಫಾದರ್, ಆ ಆಯಿಗೆ ಬಿಲ್ ಬಂತು, ಸರಿ. ನಮ್ಮ ಮನ್ಯಾಗ ಬಂದ್ ಮಾಡಿದ್ರೂ ಝೀರೋ ಬರ್ತದ, ಮಾಡದಿದ್ರೂ ಝೀರೋ ಬರ್ತದ. ನಾವ್ಯಾಕ ಬಂದ್ ಮಾಡಬೇಕ್ರಿ?"

ಕೂಟದಲ್ಲಿ ಕೆಲವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ, ಪ್ರಾಮಾಣಿಕವಾದ ಪ್ರಶ್ನೆ. ನಾವೆಲ್ಲರೂ ಮನಸ್ಸಿನಲ್ಲಿ ಕೇಳಿಕೊಳ್ಳುವುದನ್ನು ಅವನು ಬಾಯಿಬಿಟ್ಟು ಕೇಳಿದ, ಅಷ್ಟೇ. ನಮಗೆ ಖರ್ಚಿಲ್ಲದ ವಸ್ತುವನ್ನು ವ್ಯರ್ಥಮಾಡಿದರೆ ತಪ್ಪೇನು?

ಮೊದಲು ಲೋಕದ ಲೆಕ್ಕವನ್ನೇ ನೋಡೋಣ. ಈ ಯೋಜನೆ ಸರಿಯೇ ತಪ್ಪೇ ಎಂಬ ರಾಜಕೀಯ ಚರ್ಚೆ ಈ ಪುಟದ ಕೆಲಸವಲ್ಲ. ಎಷ್ಟೋ ಬಡ ಮನೆಗಳಲ್ಲಿ ಇದರಿಂದ ದೀಪ ಉರಿಯುತ್ತಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನಮ್ಮ ಬಿಲ್ಲಿನಲ್ಲಿ ಸೊನ್ನೆ ಬಂದಮಾತ್ರಕ್ಕೆ ಆ ವಿದ್ಯುತ್ತಿಗೆ ಬೆಲೆಯಿಲ್ಲವೆಂದಲ್ಲ. ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ ನಮ್ಮ ಪರವಾಗಿ ಸರ್ಕಾರ ಜೆಸ್ಕಾಂ ಮೊದಲಾದ ಕಂಪನಿಗಳಿಗೆ ಕಟ್ಟುತ್ತದೆ. ಇದಕ್ಕಾಗಿ ರಾಜ್ಯದ ಬೊಕ್ಕಸದಿಂದ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಯ ಆಸುಪಾಸು ಹಣ ಹೋಗುತ್ತದೆ. ಆ ಬೊಕ್ಕಸ ತುಂಬುವುದು ಸಾಬೂನಿಗೂ ಚಪ್ಪಲಿಗೂ ತೆರಿಗೆ ಕೊಡುವ ಜನರಿಂದ. ಕೂಲಿ ಮಾಡುವ ತಾಯಿಯೂ ಅದರಲ್ಲಿ ಪಾಲುದಾರಳು.

ಇನ್ನು ವಿದ್ಯುತ್ ಎಲ್ಲಿಂದ ಬರುತ್ತದೆ? ಹಗಲಿನಲ್ಲಿ ಸೂರ್ಯನಿಂದ ಬರುವ ಪಾಲು ಈಗ ಹೆಚ್ಚಿದೆ, ದೇವರಿಗೆ ಸ್ತೋತ್ರ. ಪಾವಗಡದ ಸೌರ ಉದ್ಯಾನವೊಂದೇ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಆದರೆ ನಮ್ಮ ಕೆಂಪು ಚುಕ್ಕೆಗಳು ರಾತ್ರಿಯೂ ಉರಿಯುತ್ತವೆ. ರಾತ್ರಿಯ ಹೊರೆಯನ್ನು ಹೊರುವುದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇರುವ ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರ 1985ರಿಂದ ವಿದ್ಯುತ್ ಕೊಡುತ್ತಿದೆ. ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಅಲ್ಲಿ ಕೃಷ್ಣೆಯ ನೀರು ಬೇಕು, ರೈಲಿನಲ್ಲಿ ಬರುವ ಕಲ್ಲಿದ್ದಲು ಬೇಕು. ಇಂಥ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಉರಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಭಾಗದಷ್ಟು ಬೂದಿ. ಆ ಹೊಗೆಯನ್ನು ಉಸಿರಾಡುವವರು, ಆ ಬೂದಿಯ ಗುಡ್ಡದ ಪಕ್ಕ ಬದುಕುವವರು ನಮ್ಮ ಸಹೋದರ ಸಹೋದರಿಯರೇ ಅಲ್ಲವೇ?

ಭಾಲ್ಕಿ ಅಥವಾ ಬೀದರ ನಗರದ ಒಂದು ಮಧ್ಯಮ ವರ್ಗದ ಮನೆಯನ್ನು ಕಲ್ಪಿಸಿಕೊಳ್ಳೋಣ. ನಿತ್ಯ ನಾಲ್ಕು ಗಂಟೆ ಟಿ.ವಿ. ನೋಡುತ್ತಾರೆ. ಉಳಿದ 20 ಗಂಟೆ ಸೆಟ್‌ಟಾಪ್ ಬಾಕ್ಸು ಸುಮ್ಮನೆ ಎಳೆಯುವುದು ತಿಂಗಳಿಗೆ ಆರು ಯೂನಿಟ್. ಹಳೆಯ ಟಿ.ವಿ. ಇದ್ದರೆ ಇನ್ನು ಮೂರು. ಬಂದ್ ಮಾಡಿಯೂ ಬಟನ್ ಚಾಲೂ ಬಿಟ್ಟ ಕಂಪ್ಯೂಟರ್ ಮತ್ತು ಸ್ಪೀಕರ್ ಸುಮಾರು ಮೂರು. ಎಲ್ಲರೂ ಮಲಗಿದ ಮೇಲೆ ಎಂಟು ಗಂಟೆ ಮಿನುಗುವ ವೈಫೈ ಪೆಟ್ಟಿಗೆ ಒಂದೂವರೆಯಿಂದ ಎರಡು. ಒಟ್ಟು ಹದಿನಾಲ್ಕು ಯೂನಿಟ್ ಎನ್ನೋಣ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು 1.35 ಯೂನಿಟ್ ಸಾಕು. ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ಬೇಡವಾಗಿ ಹೋದ ವಿದ್ಯುತ್ತಿನಿಂದ ಹತ್ತು ಮನೆಗಳಲ್ಲಿ ತಲಾ ಒಂದು ಮಗು ತಿಂಗಳಿಡೀ ಸಂಜೆ ಓದಿಕೊಳ್ಳಬಹುದಿತ್ತು. ಐದು ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು ನಾಲ್ಕು ಯೂನಿಟ್ ಬಳಸುತ್ತದೆ. ಅದೇ ವಿದ್ಯುತ್ತಿನಿಂದ ಔರಾದಿನ ಒಬ್ಬ ರೈತ ಮೂರೂವರೆ ಗಂಟೆ ಹೊಲಕ್ಕೆ ನೀರು ಹಾಯಿಸಬಹುದಿತ್ತು.

ನಾನು ಇಲ್ಲಿ ಬಟನ್ ಬಂದ್ ಮಾಡಿದ ಕೂಡಲೇ ಆ ಯೂನಿಟ್ ನೇರವಾಗಿ ಔರಾದಿನ ಪಂಪಿಗೆ ಹೋಗುತ್ತದೆಯೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ತಂತಿಯ ಜಾಲ ಎಲ್ಲರಿಗೂ ಒಂದೇ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದಲ್ಲಿ ವಿದ್ಯುತ್ ಕೊರತೆ ಉಂಟಾದಾಗ ಮೊದಲು ಕಡಿತವಾದದ್ದು ರೈತರ ಪಂಪ್‌ಸೆಟ್ಟಿನ ಗಂಟೆಗಳು ಎಂಬುದನ್ನು ನಾವು ಮರೆತಿಲ್ಲ. ತೊಗರಿ ಒಣಗುತ್ತಿರುವಾಗ ನಡುರಾತ್ರಿ ಕರೆಂಟ್ ಬಂದೀತೆಂದು ಹೊಲದಲ್ಲಿ ಕಾದು ಕುಳಿತವರು ನಮ್ಮ ನಡುವೆಯೇ ಇದ್ದಾರೆ. ಅಂಥ ದಿನಗಳಲ್ಲಿ ಲಕ್ಷಾಂತರ ಮನೆಗಳ ಕೆಂಪು ಚುಕ್ಕೆಗಳು ಒಟ್ಟಾಗಿ ಎಳೆಯುವುದು ಸಣ್ಣದಾಗಿರುವುದಿಲ್ಲ.

ಹನ್ನೆರಡು ಬುಟ್ಟಿಗಳು

ಇಷ್ಟಾದರೂ ಆ ಯುವಕನಿಗೆ ಪೂರ್ತಿ ಉತ್ತರ ಸಿಕ್ಕಿದಂತಾಗಲಿಲ್ಲ. ಪೂರ್ತಿ ಉತ್ತರ ಇರುವುದು ಶುಭಸಂದೇಶದಲ್ಲಿ.

ಪ್ರಭು ಯೇಸು ಐದು ಸಾವಿರ ಜನರಿಗೆ ಉಣಬಡಿಸಿದ ಅದ್ಭುತವನ್ನು ನಾಲ್ವರು ಶುಭಸಂದೇಶಕಾರರೂ ಬರೆದಿದ್ದಾರೆ. ಉಳಿದ ತುಣುಕುಗಳನ್ನು ಒಟ್ಟುಮಾಡಿದಾಗ ಹನ್ನೆರಡು ಬುಟ್ಟಿ ತುಂಬಿದವು ಎಂಬುದೂ ನಾಲ್ಕರಲ್ಲೂ ಇದೆ. ಆದರೆ ಸಂತ ಯೊವಾನ್ನರು ಮಾತ್ರ ಎರಡು ಸಂಗತಿಗಳನ್ನು ವಿಶೇಷವಾಗಿ ಹೇಳುತ್ತಾರೆ. ಒಂದು, ಆ ಐದು ರೊಟ್ಟಿಗಳು ಜವೆಗೋಧಿಯವು, ಒಬ್ಬ ಹುಡುಗನ ಬಳಿ ಇದ್ದವು. ಬಡವರ ರೊಟ್ಟಿ ಅದು, ನಮ್ಮ ಜೋಳದ ರೊಟ್ಟಿಯ ಹಾಗೆ. ಇನ್ನೊಂದು, ತುಣುಕುಗಳನ್ನು ಕೂಡಿಸಿರೆಂದು ಯೇಸುವೇ ಶಿಷ್ಯರಿಗೆ ಆಜ್ಞಾಪಿಸಿದರು. ಏನೂ ಹಾಳಾಗಬಾರದು ಎಂಬ ಕಾರಣವನ್ನೂ ಕೊಟ್ಟರು.

ಸ್ವಲ್ಪ ಯೋಚಿಸಿ ನೋಡಿ. ಆ ರೊಟ್ಟಿಗೆ ಯಾರೂ ಹಣ ಕೊಟ್ಟಿರಲಿಲ್ಲ. ಇನ್ನೂರು ದಿನಾರಿ ಖರ್ಚುಮಾಡಿದರೂ ಸಾಲದೆಂದು ಫಿಲಿಪ್ಪನು ಲೆಕ್ಕ ಹಾಕಿದ್ದ. ಪ್ರಭು ಒಂದು ಕಾಸನ್ನೂ ತೆಗೆದುಕೊಳ್ಳದೆ ಎಲ್ಲರ ಹೊಟ್ಟೆ ತುಂಬಿಸಿದರು. ಬೇಕಿದ್ದರೆ ನಾಳೆ ಇನ್ನೊಮ್ಮೆ ಮಾಡಬಲ್ಲವರಾಗಿದ್ದರು. ಐದು ರೊಟ್ಟಿಯನ್ನು ಐದು ಸಾವಿರ ಜನರಿಗೆ ಸಾಕುಮಾಡಿದವರಿಗೆ ಹುಲ್ಲಿನ ಮೇಲೆ ಬಿದ್ದ ತುಣುಕುಗಳ ಚಿಂತೆ ಏಕೆ? ಯಾಕೆಂದರೆ ಅವರ ದೃಷ್ಟಿಯಲ್ಲಿ ರೊಟ್ಟಿಯ ಬೆಲೆ ಅದಕ್ಕೆ ಕೊಟ್ಟ ಹಣದಲ್ಲಿ ಇರಲಿಲ್ಲ. ಅದು ತಂದೆಯ ಕೈಯಿಂದ ಬಂದ ವರದಾನ ಎಂಬುದರಲ್ಲಿ ಇತ್ತು. ಕೊಂಡ ವಸ್ತುವನ್ನು ಹಾಳುಮಾಡಿದರೆ ನಮ್ಮ ಹಣ ಹಾಳಾಗುತ್ತದೆ. ಕೊಡುಗೆಯಾಗಿ ಬಂದದ್ದನ್ನು ಹಾಳುಮಾಡಿದರೆ ಕೊಟ್ಟವನ ಪ್ರೀತಿಗೆ ಅಗೌರವವಾಗುತ್ತದೆ. ಉಚಿತವಾಗಿ ಬಂದದ್ದನ್ನು ಹೆಚ್ಚು ಜೋಪಾನವಾಗಿ ಬಳಸಬೇಕು, ಕಡಿಮೆ ಜೋಪಾನವಾಗಿ ಅಲ್ಲ. ಭಾಲ್ಕಿಯ ಯುವಕನಿಗೆ ಶುಭಸಂದೇಶ ಕೊಡುವ ಉತ್ತರ ಇದು.

ಮರುಭೂಮಿಯಲ್ಲಿ ದೇವರು ಇಸ್ರಯೇಲರಿಗೆ ಕೊಟ್ಟ ಮನ್ನವೂ ಉಚಿತವೇ ಆಗಿತ್ತು. ಆದರೂ ಅದಕ್ಕೊಂದು ಅಳತೆ ಇತ್ತು. ಪ್ರತಿಯೊಬ್ಬರೂ ತಮ್ಮ ಮನೆಯ ತಲೆಗಳಿಗೆ ತಕ್ಕಷ್ಟು ಮಾತ್ರ ಕೂಡಿಸಿಕೊಳ್ಳಬೇಕಾಗಿತ್ತು. ಮಾತು ಮೀರಿ ಮರುದಿನಕ್ಕೆ ಇಟ್ಟುಕೊಂಡವರ ಮನ್ನದಲ್ಲಿ ಹುಳು ಬಿದ್ದಿತು.

ಈ ಪಾಠವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಬೀದರಿನ ಗುರು ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರಿನ ಊಟ ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಜಾತಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಆದರೆ ತಟ್ಟೆಗೆ ಹಾಕಿಸಿಕೊಂಡದ್ದನ್ನು ಬಿಡಬಾರದು ಎಂಬ ಶಿಸ್ತು ಇದೆ. ಎಷ್ಟು ಬೇಕಾದರೂ ಉಣ್ಣು, ಚೆಲ್ಲಬೇಡ. ಬಸವಣ್ಣನವರ ಈ ನೆಲದಲ್ಲಿ ದಾಸೋಹದ ಪಂಕ್ತಿಯಲ್ಲೂ ಪ್ರಸಾದವನ್ನು ಚೆಲ್ಲುವುದಿಲ್ಲ. ಅನ್ಯಧರ್ಮದ ನೆರೆಹೊರೆಯವರು ಉಚಿತ ಅನ್ನಕ್ಕೆ ತೋರುವ ಗೌರವವನ್ನು, ಪರಮಪ್ರಸಾದದ ಒಂದು ಕಣವೂ ಬೀಳದಂತೆ ನೋಡಿಕೊಳ್ಳುವ ನಾವು ದೇವರ ಇತರ ಕೊಡುಗೆಗಳಿಗೆ ತೋರಬಾರದೇ?

ಏಳನೆಯ ಆಜ್ಞೆ

ಕದಿಯಬಾರದು ಎಂಬುದು ಏಳನೆಯ ಆಜ್ಞೆ. ಇದನ್ನು ಓದುವಾಗ ನಮ್ಮ ಕಣ್ಣ ಮುಂದೆ ಜೇಬುಗಳ್ಳನೋ ಮನೆ ಮುರಿಯುವವನೋ ಬರುತ್ತಾನೆ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ಆಜ್ಞೆಯ ವಿವರಣೆಯಲ್ಲಿ, 2409ನೆಯ ಪರಿಚ್ಛೇದದಲ್ಲಿ, ತೆರಿಗೆ ವಂಚನೆ, ಸುಳ್ಳು ಬಿಲ್ಲು ಮೊದಲಾದವುಗಳ ಸಾಲಿನಲ್ಲಿಯೇ ಮಿತಿಮೀರಿದ ಖರ್ಚನ್ನೂ ದುಂದನ್ನೂ ಸೇರಿಸಿದೆ. ಇದು ನಮ್ಮಲ್ಲಿ ಅನೇಕರಿಗೆ ಹೊಸ ವಿಷಯ. ದುಂದು ಏಕೆ ಈ ಸಾಲಿಗೆ ಬಂತು? ಭೂಮಿಯ ಸಂಪತ್ತನ್ನು ದೇವರು ಕೊಟ್ಟಿರುವುದು ಎಲ್ಲ ಮಾನವರಿಗಾಗಿ. ನನ್ನ ಪಾಲಿಗೆ ಬಂದದ್ದಕ್ಕೂ ನಾನು ಮೇಲ್ವಿಚಾರಕನೇ ಹೊರತು ಒಡೆಯನಲ್ಲ. ಒಡೆಯನು ಬಂದಾಗ ಮೇಲ್ವಿಚಾರಕನು ಲೆಕ್ಕ ಒಪ್ಪಿಸಬೇಕು. ಜೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಇದ್ದರೂ ಈ ಲೆಕ್ಕದಲ್ಲಿ ಸೊನ್ನೆ ಇರುವುದಿಲ್ಲ.

ಹಾಗೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. ಟಿ.ವಿ. ಬಟನ್ ಮರೆತದ್ದು ಮಾರಕ ಪಾಪವೆಂದು ನಾನು ಹೇಳುತ್ತಿಲ್ಲ. ಮರೆವು ಬೇರೆ, ತಾತ್ಸಾರ ಬೇರೆ. ಗೊತ್ತಿದ್ದೂ "ನನ್ನದೇನು ಹೋಗುತ್ತದೆ" ಎನ್ನುವ ಮನೋಭಾವವೇ ನಿಜವಾದ ರೋಗ. ಇಂದು ವಿದ್ಯುತ್ತಿನ ವಿಷಯದಲ್ಲಿ ಹಾಗೆನ್ನುವ ನಾಲಗೆ ನಾಳೆ ಊರಿನ ನಲ್ಲಿಯ ಬಗ್ಗೆ, ನಾಡಿದ್ದು ನೆರೆಯವನ ಕಷ್ಟದ ಬಗ್ಗೆ ಅದನ್ನೇ ಹೇಳುತ್ತದೆ.

ಎರಡು ಕೆಂಪು ದೀಪಗಳು

ಒಬ್ಬ ಸಹೋದರಿ ಕೇಳಿದರು: "ಫಾದರ್, ಚರ್ಚಿನಲ್ಲಿಯೂ ಒಂದು ಕೆಂಪು ದೀಪ ಹಗಲು ರಾತ್ರಿ ಉರಿಯುತ್ತದಲ್ಲ?" ಒಳ್ಳೆಯ ಪ್ರಶ್ನೆ. ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಉರಿಯುವ ಆ ದೀಪ ವ್ಯರ್ಥವಲ್ಲ. ಅಲ್ಲಿ ಒಬ್ಬರು ಇದ್ದಾರೆ ಎಂದು ಅದು ಸಾರುತ್ತದೆ. ಟಿ.ವಿ.ಯ ಕೆಳಗಿನ ಕೆಂಪು ದೀಪ ಉರಿಯುವುದು ಅಲ್ಲಿ ಯಾರೂ ಇಲ್ಲದಿರುವಾಗ. ನಾವು ಎದ್ದು ಎರಡು ಹೆಜ್ಜೆ ನಡೆಯಲು ಒಲ್ಲೆವು ಎಂಬುದನ್ನು ಬಿಟ್ಟು ಅದು ಬೇರೇನನ್ನೂ ಸಾರುವುದಿಲ್ಲ.

ಆದ್ದರಿಂದ ಎಲ್ಲವನ್ನೂ ಬಂದ್ ಮಾಡಿ ಎಂಬುದು ಈ ಪಾಠವಲ್ಲ. ಫ್ರಿಜ್ ಉರಿಯಲಿ, ಅದು ಅನ್ನವನ್ನು ಕಾಯುತ್ತದೆ. ರೋಗಿಯ ಮಂಚದ ಬಳಿಯ ಯಂತ್ರ ಉರಿಯಲಿ, ಅದು ಪ್ರಾಣವನ್ನು ಕಾಯುತ್ತದೆ. ವೃದ್ಧರು ಎದ್ದು ಬೀಳದಂತೆ ಓಣಿಯಲ್ಲೊಂದು ಸಣ್ಣ ದೀಪ ಇರಲಿ. "ಇದು ಯಾರಿಗಾಗಿ ಕಾಯುತ್ತಿದೆ?" ಎಂದು ಪ್ರತಿಯೊಂದು ಯಂತ್ರದ ಮುಂದೆ ನಿಂತು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಇರಲಿ, ಸಿಗದಿದ್ದರೆ ಬಂದ್ ಮಾಡಿ.

ಇತರರಿಗೆ ಬೋಧಿಸುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಔರಾದಿನಿಂದ ಹಿಂದಿರುಗಿದ ಸಂಜೆ ನಮ್ಮ ದೇವಾಲಯದ ಸಕ್ರಿಸ್ತಿಗೆ ಹೋದೆ. ಭಾನುವಾರದ ಬಲಿಪೂಜೆಗೆ ಚಾಲೂ ಮಾಡಿದ ಧ್ವನಿವರ್ಧಕದ ಆಂಪ್ಲಿಫೈಯರ್ ಗುರುವಾರವೂ ಬೆಚ್ಚಗೆ ಕುಳಿತಿತ್ತು. ಎಷ್ಟು ವಾರಗಳಿಂದ ಹಾಗಿತ್ತೋ ಗೊತ್ತಿಲ್ಲ. ಅದು 25 ವ್ಯಾಟ್ ಎಳೆದರೂ ವಾರಕ್ಕೆ ನಾಲ್ಕು ಯೂನಿಟ್‌ಗೂ ಹೆಚ್ಚು, ತಿಂಗಳಿಗೆ ಸುಮಾರು ಹದಿನೆಂಟು. ಗೃಹಜ್ಯೋತಿ ಮನೆಗಳಿಗೆ ಮಾತ್ರ, ದೇವಾಲಯದ ಬಿಲ್ಲನ್ನು ಕಟ್ಟುವುದು ನೀವು ಹಾಕುವ ಕಾಣಿಕೆಯಿಂದ. ಬಡ ವಿಧವೆಯ ಎರಡು ಕಾಸನ್ನು ಪ್ರಭು ಎಷ್ಟು ಹಿರಿದೆಂದು ಎಣಿಸಿದರೋ, ಅಂಥ ಕಾಸುಗಳನ್ನು ನಾನು ಆ ಪೆಟ್ಟಿಗೆಯನ್ನು ಬೆಚ್ಚಗಿಡಲು ಸುಡುತ್ತಿದ್ದೆ. ಅಂದು ರಾತ್ರಿಯ ಆತ್ಮಪರಿಶೋಧನೆಗೆ ಬೇರೆ ವಿಷಯ ಬೇಕಾಗಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

1. ಮೊದಲು ಪತ್ತೆ ಮಾಡಿ. ರಾತ್ರಿ ಎಲ್ಲ ದೀಪ ಆರಿಸಿ ಮಕ್ಕಳೊಂದಿಗೆ ಮನೆಯಲ್ಲಿ ಒಂದು ಸುತ್ತು ಬನ್ನಿ. ಎಲ್ಲೆಲ್ಲಿ ಕೆಂಪು, ಹಸಿರು ಚುಕ್ಕೆ ಕಾಣುತ್ತದೋ ಎಣಿಸಿ. ಯಂತ್ರ ಮುಟ್ಟಿದರೆ ಬೆಚ್ಚಗಿದೆಯೇ ನೋಡಿ.

2. ಮೀಟರನ್ನು ಕೇಳಿ. ಈಗಿನ ಮೀಟರಿನಲ್ಲಿ ಒಂದು ಸಣ್ಣ ದೀಪ ಮಿನುಗುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗಬೇಕೆಂಬುದು ಮೀಟರಿನ ಮೇಲೆಯೇ ಬರೆದಿರುತ್ತದೆ, ಉದಾಹರಣೆಗೆ 3200. ಬಲ್ಬು, ಫ್ಯಾನು ಆರಿಸಿ, ಫ್ರಿಜ್ಜನ್ನೂ ಅರ್ಧ ಗಂಟೆ ಬಂದ್ ಮಾಡಿ, ಬಾಗಿಲು ತೆರೆಯದೆ ಇಡಿ. ರಿಮೋಟಿನಿಂದ ಆರಿಸಿದವುಗಳನ್ನು ಹಾಗೆಯೇ ಬಿಡಿ. ಆ ಅರ್ಧ ಗಂಟೆಯಲ್ಲಿ 16 ಸಲ ಮಿನುಗಿದರೆ ಹತ್ತು ವ್ಯಾಟ್ ಸುಮ್ಮನೆ ಹೋಗುತ್ತಿದೆ ಎಂದು ಅರ್ಥ. 64 ಸಲ ಆದರೆ ನಲವತ್ತು ವ್ಯಾಟ್. ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ಗಣಿತ. ಪರೀಕ್ಷೆ ಮುಗಿದ ಮೇಲೆ ಫ್ರಿಜ್ ಚಾಲೂ ಮಾಡಲು ಮರೆಯಬೇಡಿ.

3. ಬಟನ್ ಕೈಗೆಟುಕುವಂತೆ ಮಾಡಿ. ಬಹಳ ಮನೆಗಳಲ್ಲಿ ಪ್ಲಗ್ಗು ಶೋಕೇಸಿನ ಹಿಂದೆ ಅಡಗಿರುತ್ತದೆ. ಒಳ್ಳೆಯ ಗುಣಮಟ್ಟದ, ಬಟನ್ ಇರುವ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಟಿ.ವಿ., ಸೆಟ್‌ಟಾಪ್ ಬಾಕ್ಸು, ಸ್ಪೀಕರ್ ಮೂರನ್ನೂ ಸೇರಿಸಿದರೆ ಒಂದೇ ಬಟನ್ ಸಾಕು. ಫ್ರಿಜ್, ಗೀಸರ್, ಎ.ಸಿ.ಗಳನ್ನು ಅಂಥ ಬೋರ್ಡಿಗೆ ಸೇರಿಸಬೇಡಿ.

4. ಎ.ಸಿ. ಇದ್ದವರು ಕಾಲ ಮುಗಿದ ಮೇಲೆ ಅದರ ಮುಖ್ಯ ಸ್ವಿಚ್ಚನ್ನೇ ಇಳಿಸಿ. ಅದರ ಸ್ಟೆಬಿಲೈಸರ್ ಸುಮ್ಮನಿರುವಾಗಲೂ ಸ್ವಲ್ಪ ಎಳೆಯುತ್ತದೆ. ಗೀಸರ್ ಸ್ನಾನಕ್ಕೆ ಮುನ್ನ ಚಾಲೂ, ಸ್ನಾನವಾದ ಮೇಲೆ ಬಂದ್.

5. ಸಣ್ಣದಕ್ಕೆ ಜಗಳ ಬೇಡ. ಮೊಬೈಲ್ ಇಲ್ಲದೆ ಸುಮ್ಮನೆ ಸಿಕ್ಕಿಸಿಟ್ಟ ಚಾರ್ಜರ್ ಎಳೆಯುವುದು ತೀರ ಅಲ್ಪ, ತಿಂಗಳಿಗೆ ಒಂದು ಯೂನಿಟ್‌ನ ಕಾಲು ಭಾಗವೂ ಆಗಲಾರದು. ಅದನ್ನೂ ತೆಗೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಚಾರ್ಜರಿಗಾಗಿ ಮಗನನ್ನು ಬೈದು ತಾವು ಸೆಟ್‌ಟಾಪ್ ಬಾಕ್ಸನ್ನು ಚಾಲೂ ಬಿಟ್ಟು ಮಲಗುವ ತಂದೆ, ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗಿದಂತೆ.

6. ಹೊಸದನ್ನು ಕೊಳ್ಳುವಾಗ ನಕ್ಷತ್ರದ ಚೀಟಿಯನ್ನು ನೋಡಿ. 2001ರ ಇಂಧನ ಸಂರಕ್ಷಣಾ ಕಾಯಿದೆಯ ಮೇರೆಗೆ 2002ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಈ ಚೀಟಿಗಳನ್ನು ಜಾರಿಗೆ ತಂದಿದೆ. ಹೆಚ್ಚು ನಕ್ಷತ್ರ ಇದ್ದರೆ ಕಡಿಮೆ ವಿದ್ಯುತ್.

ಇದರಲ್ಲಿ ಇನ್ನೊಂದು ಲಾಭವೂ ಉಂಟು. ಮುಂಗಾರಿನ ಮೊದಲ ಗುಡುಗು ಸಿಡಿಲಿಗೆ ನಮ್ಮ ಭಾಗದಲ್ಲಿ ಎಷ್ಟು ಟಿ.ವಿ.ಗಳು ಸುಟ್ಟುಹೋಗುತ್ತವೆ ಎಂಬುದು ನಿಮಗೇ ಗೊತ್ತು. ಬಟನ್ ಬಂದ್ ಮಾಡಿ ಪ್ಲಗ್ ಕಿತ್ತಿಟ್ಟ ಮನೆಯಲ್ಲಿ ಆ ಭಯ ಕಡಿಮೆ.

ಒಂದು ಮನೆಯಿಂದ ಏನಾದೀತು?

"ದೊಡ್ಡ ದೊಡ್ಡ ಮಾಲ್‌ಗಳಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ, ನನ್ನ ಒಂದು ಬಾಕ್ಸಿನಿಂದ ಏನಾದೀತು?" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ದೊಡ್ಡವರ ದುಂದನ್ನು ಪ್ರಶ್ನಿಸಲೇಬೇಕು. ಯಂತ್ರ ತಯಾರಿಸುವವರ ಜವಾಬ್ದಾರಿಯೂ ದೊಡ್ಡದು. ಕಾದು ನಿಂತ ಯಂತ್ರ ಒಂದು ವ್ಯಾಟ್‌ಗಿಂತ ಹೆಚ್ಚು ಎಳೆಯಬಾರದೆಂಬ ಗುರಿಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 1999ರಲ್ಲಿಯೇ ಮುಂದಿಟ್ಟಿತು. ಯುರೋಪಿನ ದೇಶಗಳು ಇದನ್ನು ಕಾನೂನಾಗಿಯೇ ಮಾಡಿದವು. ಈಗಿನ ಟಿ.ವಿ.ಗಳು ಸ್ಟ್ಯಾಂಡ್‌ಬೈಯಲ್ಲಿ ಇಷ್ಟು ಕಡಿಮೆ ಎಳೆಯುವುದಕ್ಕೆ ಅದೂ ಒಂದು ಕಾರಣ. ಅಂದರೆ ಜನ ಗಮನಿಸಿದರೆ, ಕೇಳಿದರೆ, ಯಂತ್ರಗಳೂ ಬದಲಾಗುತ್ತವೆ.

ಉಳಿದ ಅರ್ಧ ಸತ್ಯವನ್ನು ಧರ್ಮಸಭೆ ನಮಗೆ ಹೇಳಿಕೊಟ್ಟಿದೆ. ಸಂತ ಎರಡನೆಯ ಜಾನ್ ಪೌಲರು 1990ರ ವಿಶ್ವಶಾಂತಿ ದಿನದ ಸಂದೇಶದಲ್ಲಿಯೇ ಸರಳತೆ, ಮಿತಿ, ಶಿಸ್ತು, ತ್ಯಾಗ ನಮ್ಮ ದಿನನಿತ್ಯದ ಜೀವನದ ಭಾಗವಾಗಬೇಕೆಂದು ಬೋಧಿಸಿದರು. ವ್ಯಾಟಿಕನ್ನಿನ ಸಭಾಭವನದ ಛಾವಣಿಯ ಮೇಲೆ 2008ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೌರ ಫಲಕಗಳನ್ನು ಹಾಕಲಾಯಿತು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೋ ಸೀ' ವಿಶ್ವಪತ್ರದ 211ನೆಯ ಪರಿಚ್ಛೇದದಲ್ಲಿ ಬೇಡದ ದೀಪಗಳನ್ನು ಆರಿಸುವಂಥ ಸಣ್ಣ ಕೆಲಸಗಳನ್ನೇ ಹೆಸರಿಸಿ, ಪ್ರೀತಿಯಿಂದ ಮಾಡಿದಾಗ ಅವು ನಮ್ಮ ಘನತೆಯನ್ನು ತೋರುತ್ತವೆ ಎಂಬ ಅರ್ಥದ ಮಾತನ್ನು ಬರೆದರು. ಜಗತ್ತು ಬದಲಾಗುವುದೋ ಇಲ್ಲವೋ ದೇವರ ಚಿತ್ತ. ಬಟನ್ ಒತ್ತುವ ಕೈ ಮಾತ್ರ ಖಂಡಿತ ಬದಲಾಗುತ್ತದೆ. ಅಲ್ಪದರಲ್ಲಿ ನಂಬಿಗಸ್ತನಾದವನೇ ಬಹಳದರಲ್ಲಿಯೂ ನಂಬಿಗಸ್ತನಾಗುವನು ಎಂಬ ಬೋಧನೆಯ ತಿರುಳೂ ಇದೇ.

ಕೆಲವು ತಿಂಗಳ ನಂತರ ಔರಾದಿನ ಆ ತಾಯಿಯನ್ನು ಮತ್ತೆ ಕಂಡೆ. ಬಿಲ್ ಸೊನ್ನೆಗೆ ಇಳಿದಿತ್ತು. "ಈಗ ಜಪಸರ ಮುಗಿದ ಕೂಡಲೇ ಗೋಡಿ ಬಟನ್ ಬಂದ್ ಮಾಡ್ತೀನ್ರಿ ಫಾದರ್. ನಾನೂ ಮಲಗ್ತೀನಿ, ಅದೂ ಮಲಗ್ತದ" ಎಂದರು. ದಿನದ ಕೊನೆಯ ಪ್ರಾರ್ಥನೆಗೂ ಬಟನ್ನಿಗೂ ಅವರು ತಾವಾಗಿಯೇ ಗಂಟುಹಾಕಿದ್ದರು. ನಾನು ಅವರಿಗೆ ಲೆಕ್ಕ ಕಲಿಸಿದೆ, ಅವರು ನನಗೆ ಪ್ರಾರ್ಥನೆ ಕಲಿಸಿದರು.

ಕುಟುಂಬದಲ್ಲಿ ಚರ್ಚಿಸಲು

1. ಪ್ರಭು ಯೇಸು ಉಚಿತವಾಗಿ ಕೊಟ್ಟ ರೊಟ್ಟಿಯ ತುಣುಕುಗಳನ್ನು ಏಕೆ ಕೂಡಿಸಿಡಲು ಹೇಳಿದರು? ನಮ್ಮ ಮನೆಗೆ ಉಚಿತವಾಗಿ ಬರುವ ವಸ್ತುಗಳು ಯಾವುವು? ಅವನ್ನು ನಾವು ಹೇಗೆ ಬಳಸುತ್ತಿದ್ದೇವೆ?

2. ನಮ್ಮ ಮನೆಯಲ್ಲಿ ಯಾರಿಗೂ ಕಾಯದೆ ಉರಿಯುತ್ತಿರುವ ದೀಪಗಳು ಎಷ್ಟು? ಪ್ರತಿ ರಾತ್ರಿ ಅವನ್ನು ಬಂದ್ ಮಾಡುವ ಹೊಣೆ ಯಾರದು?

3. ನಮಗೆ ಉಳಿತಾಯವಾಗುವ ಹಣದಲ್ಲಿ ಒಂದು ಪಾಲನ್ನು ಯಾರಿಗೆ ಕೊಡಬಹುದು? ಬಿಲ್ ಸೊನ್ನೆ ಬರುವ ಮನೆಯವರು ಆ ಸೊನ್ನೆಗೆ ಕೃತಜ್ಞತೆಯಾಗಿ ಏನು ಮಾಡಬಹುದು?

ವಾರದ ನಿರ್ಧಾರ: ಈ ವಾರ ಪ್ರತಿ ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮನೆಯ ಅತ್ಯಂತ ಕಿರಿಯ ಮಗು ಟಿ.ವಿ. ಬೋರ್ಡಿನ ಬಟನ್ ಬಂದ್ ಮಾಡಲಿ.

ಪ್ರಾರ್ಥನೆ: ಬೆಳಕನ್ನು ಸೃಷ್ಟಿಸಿದ ತಂದೆಯೇ, ನಾವು ಕೇಳುವ ಮೊದಲೇ ನೀವು ನಮಗೆ ಸೂರ್ಯನನ್ನೂ ಗಾಳಿಯನ್ನೂ ನೀರನ್ನೂ ಕೊಟ್ಟಿರಿ. ಅದಕ್ಕೆ ನೀವು ಎಂದೂ ಬಿಲ್ ಕಳುಹಿಸಲಿಲ್ಲ. ನಮಗೆ ಸುಲಭವಾಗಿ ದೊರಕಿದ್ದನ್ನು ಅಗ್ಗವೆಂದು ಎಣಿಸದಂತೆ ನಮ್ಮ ಮನಸ್ಸನ್ನು ತಿದ್ದಿರಿ. ಕತ್ತಲೆಯಲ್ಲಿ ಓದುವ ಮಗುವನ್ನೂ ರಾತ್ರಿಯಲ್ಲಿ ಹೊಲ ಕಾಯುವ ರೈತನನ್ನೂ ಸ್ಮರಿಸುತ್ತಾ ನಮ್ಮ ಪಾಲನ್ನು ಜೋಪಾನವಾಗಿ ಬಳಸಲು ಕಲಿಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.